ಮೂರನೆಯ ಭಟ್ಟಿಯ ಕಮಾನು

ನೆಲದ ಗರ್ಭದಲ್ಲಿ ಕಾಡುಗಳನ್ನು ಕಲ್ಲಾಗಿಸಿ, ಎಂದೋ ಸುರಿದ ಬಿಸಿಲನ್ನು ಆ ಕಲ್ಲಿನೊಳಗೆ ಬಚ್ಚಿಟ್ಟು, ಕಾಲ ಬಂದಾಗ ಕಿಚ್ಚಾಗಿ ಹೊರಬರುವ ಸರ್ವವ್ಯಾಪಿಗೆ ಮೊದಲ ವಂದನೆ. ಸುಟ್ಟರೆ ಕಪ್ಪಾಗುವ ಮರದಲ್ಲೂ ಸುಟ್ಟರೆ ಬೆಳ್ಳಗಾಗುವ ಸುಣ್ಣದಲ್ಲೂ ಒಬ್ಬನೇ ಆಗಿ ನಿಂತವನು, ಕೈಕೆಲಸದವರ ಬೆರಳ ತುದಿಯಲ್ಲಿ ಅರಿವಾಗಿ ಕುಳಿತವನು, ಈ ಬರಹಕ್ಕೆ ಬೆನ್ನೆಲುಬಾಗಲಿ.

ಮೇ ತಿಂಗಳ ಎರಡನೆಯ ಮಂಗಳವಾರ, ಬೆಳಗಿನ ಆರೂಕಾಲು. ಸಿಡ್ನಿಯಿಂದ ಪಶ್ಚಿಮಕ್ಕೆ ಬೆಟ್ಟಸಾಲನ್ನು ದಾಟಿ ಎರಡೂವರೆ ಗಂಟೆ ಸಾಗಿದರೆ ಸಿಗುವ ಕರ್ಲ್ಯೂ ಕ್ರೀಕ್ ಕಣಿವೆಯಲ್ಲಿ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಮಂಜಿನೊಳಗೆ ಎಂಟು ಕಲ್ಲಿನ ಬಾಯಿಗಳು ಸಾಲಾಗಿ ತೆರೆದುಕೊಂಡಿವೆ. ಮೂರನೆಯ ಬಾಯಿಯ ಮುಂದೆ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ ತೊಟ್ಟ ಹೆಂಗಸೊಬ್ಬರು ನಿಂತಿದ್ದಾರೆ. ತಲೆಗೆ ಹೆಲ್ಮೆಟ್, ಅದರಂಚಿನ ಕೆಳಗೆ ಹಣೆಯ ಮೇಲೆ ವಿಭೂತಿ, ಕಾಲಿಗೆ ಉಕ್ಕಿನ ಮೂತಿಯ ಬೂಟು. ಜೇಬಿನಿಂದ ಗೋಣಿಚೀಲ ಹೊಲಿಯುವ ದಬ್ಬಣವೊಂದನ್ನು ತೆಗೆದು, ಕಮಾನಿನ ಎರಡು ಕಲ್ಲುಗಳ ನಡುವಣ ಗಾರೆಗೆ ಅದರ ಮೊನೆಯನ್ನು ಒತ್ತುತ್ತಾರೆ. ಮೊದಲ ಅರ್ಧ ಬೆರಳಿನಷ್ಟು ದಬ್ಬಣ ಇಳಿಯುವುದೇ ಇಲ್ಲ. ಒಂದು ಸುತ್ತು ತಿರುವಿ ಮತ್ತೆ ಒತ್ತುತ್ತಾರೆ. ಆಗ ಅದು ಹೋಳಿಗೆಯ ಹೂರಣಕ್ಕೆ ಹೊಕ್ಕಂತೆ ಹಿಡಿಯವರೆಗೂ ಸರಾಗವಾಗಿ ಇಳಿದುಬಿಡುತ್ತದೆ.

ಐದು ಸಂದುಗಳಲ್ಲಿ ಹೀಗೆ ಪರೀಕ್ಷೆ ನಡೆಯುತ್ತದೆ. ಐದರಲ್ಲೂ ಅದೇ ಫಲ. ಅವರು ಬೋರಲಾದ ಬಕೆಟ್ಟಿನ ಮೇಲೆ ಕುಳಿತು, ದಬ್ಬಣದ ತುದಿಗಂಟಿದ ಬಿಳಿಯ ಹಸಿಯನ್ನು ಹೆಬ್ಬೆರಳಿಗೆ ಒರೆಸಿಕೊಳ್ಳುತ್ತಾರೆ.

"ಹಸಿ ಐತ್ರಿ," ಎನ್ನುತ್ತಾರೆ, ಬರೆದುಕೊಳ್ಳಲು ಬಂದವನ ಕಡೆ ತಿರುಗಿ. "ಇಪ್ಪತ್ತೆರಡು ದಿನಾ ಆತು. ಮ್ಯಾಲೆ ಕಲ್ಲಾಗೇತಿ, ಒಳಗ ಇನ್ನಾ ಹಿಟ್ಟು. ಇದು ನನ್ನ ಕೈದ ತಪ್ಪು."

ಚನ್ನಬಸವ್ವನವರಿಗೆ ಐವತ್ತೊಂಬತ್ತು ವರ್ಷ. ಒಂದು ಕಾಲದಲ್ಲಿ ಕಲ್ಲಿದ್ದಲು ಬೇಯಿಸುತ್ತಿದ್ದ ಈ ಹಳೆಯ ಭಟ್ಟಿಗಳ ಸಾಲಿಗೆ ಬೇಕಾದ ಗಾರೆಯನ್ನೆಲ್ಲ ಕಲಸುವವರು ಅವರೊಬ್ಬರೇ. ಅವರ ಮುಂದಿನ ಕಷ್ಟ ಸರಳವಾದದ್ದು, ಆದರೆ ಸಣ್ಣದಲ್ಲ. ನಾಡಿದ್ದು ಗುರುವಾರ ಮೆಲ್ಬರ್ನ್‌ನಿಂದ ಎಂಜಿನಿಯರ್ ಬರುತ್ತಾರೆ. ಅವರೆದುರಿಗೆ ಕಮಾನಿಗೆ ಆಧಾರವಾಗಿರುವ ಮರದ ಚೌಕಟ್ಟನ್ನು ಕಳಚಬೇಕು. ಮೊದಲೆರಡರಂತೆ ಈ ಕಮಾನೂ ತನ್ನ ಬಲದಿಂದ ನಿಂತರೆ ಎಂಜಿನಿಯರ್ ಸಹಿ ಹಾಕುತ್ತಾರೆ. ಆ ಸಹಿ ಮೇ ಮೂವತ್ತೊಂದರೊಳಗೆ ಕೌನ್ಸಿಲ್ ಕಚೇರಿಯನ್ನು ಮುಟ್ಟದಿದ್ದರೆ, ಅಪಾಯಕಾರಿ ಕಟ್ಟಡವೆಂದು ಜೂನ್‌ನಲ್ಲಿ ಎಂಟೂ ಭಟ್ಟಿಗಳನ್ನು ಯಂತ್ರದಿಂದ ಕೆಡವಿ ಸಮತಟ್ಟು ಮಾಡುವ ಆದೇಶ ಸಿದ್ಧವಾಗಿದೆ. ಕಮಾನಿನ ಹೊರಮೈ ಗಟ್ಟಿಯಾಗಿದೆ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ದಬ್ಬಣದ ವಿಷಯ ಇನ್ನಾರಿಗೂ ತಿಳಿಯದು.

ಪ್ರಾಚೀನ ಕಾವ್ಯಗಳಲ್ಲಿ ಪುರವರ್ಣನೆ ಕೋಟೆಯಿಂದ ತೊಡಗಿ, ಬೀದಿ, ಅಂಗಡಿ, ಮಾಳಿಗೆಗಳನ್ನು ದಾಟಿ ಅಡುಗೆಮನೆಯ ಹೊಗೆಯವರೆಗೆ ಸಾಗುತ್ತದೆ. ಕರ್ಲ್ಯೂ ಕ್ರೀಕ್ ಪುರವನ್ನು ವರ್ಣಿಸುವವನು ಹಿಂದುಮುಂದಾಗಿ ನಡೆಯಬೇಕು, ಏಕೆಂದರೆ ಇಲ್ಲಿ ಉಳಿದಿರುವುದು ಒಲೆಗಳು ಮಾತ್ರ. ಹುಲ್ಲಿನ ನಡುವೆ ಅರವತ್ತೆರಡು ಇಟ್ಟಿಗೆಯ ಒಲೆಗುಂಡಿಗಳು ನಾಲ್ಕು ಸಾಲಿನಲ್ಲಿ ಕಾಣುತ್ತವೆ. ಒಂದೊಂದೂ ಒಂದು ಮನೆಯ ಗುರುತು. ಮನೆಗಳು ಕಂಪನಿಯವು, ಅಂಗಡಿ ಕಂಪನಿಯದು, ಶಾಲೆಯ ಗಂಟೆಯೂ ಕಂಪನಿಯದೇ. ಕಲ್ಲಿದ್ದಲಿನ ಪದರ ತೆಳುವಾಗಿ ಕಂಪನಿ ಬೀಗ ಹಾಕಿದ ವರ್ಷ, ಮನೆಗಳ ಹಲಗೆಗಳನ್ನು ಬಿಚ್ಚಿ ಎತ್ತಿನ ಬಂಡಿಗಳಲ್ಲಿ ಹೇರಿ ಒಯ್ದರಂತೆ. ಆರು ತಿಂಗಳಲ್ಲಿ ಊರಿಗೆ ಊರೇ ನಡೆದುಹೋಯಿತು. ಹೊರಲಾಗದ ಭಟ್ಟಿಗಳು ಮಾತ್ರ ಉಳಿದವು. ಮ್ಯಾನೇಜರನ ಬಂಗಲೆಯ ಏಳು ಮೆಟ್ಟಿಲುಗಳು ಈಗ ಏನನ್ನೂ ತಲುಪದೆ ಆಕಾಶಕ್ಕೆ ಏರಿ ನಿಂತಿವೆ. ಅವುಗಳ ಪಕ್ಕದಲ್ಲಿ ಕಾಡಾಗಿ ಬೆಳೆದ ಪೇರ್ ಮರವೊಂದು ಪ್ರತಿ ವರ್ಷ ಕಾಯಿ ಬಿಡುತ್ತದೆ, ಗಿಣಿಗಳು ತಿನ್ನುತ್ತವೆ.

ಭಟ್ಟಿಯ ರಚನೆಯೂ ಕುತೂಹಲದ್ದೇ. ಒಳಗೆ ಬೆಂಕಿಯಿಟ್ಟಿಗೆಯ ಗುಮ್ಮಟ, ಆಳೆತ್ತರ. ನೆತ್ತಿಯಲ್ಲಿ ಒಂದು ಕಣ್ಣು. ಆ ಕಣ್ಣಿನಿಂದ ಕಲ್ಲಿದ್ದಲನ್ನು ಸುರಿದು, ಮುಂದಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಗಾಳಿಗೆ ಬೆರಳಗಲದ ಸಂದು ಬಿಟ್ಟು ಮೂರು ದಿನ ಬೇಯಿಸುತ್ತಿದ್ದರು. ಹೊಗೆಯೂ ಜಿಡ್ಡೂ ಹೋಗಿ, ಹಗುರವಾದ ಬೂದು ಬಣ್ಣದ ಕೋಕ್ ಉಳಿಯುತ್ತಿತ್ತು. ಕಬ್ಬಿಣದ ಅದಿರನ್ನು ಕರಗಿಸುವ ಕುಲುಮೆಗಳಿಗೆ ಅದೇ ಆಹಾರ. ಗುಮ್ಮಟದ ಇಟ್ಟಿಗೆಗಳನ್ನು ಹಿಡಿದಿರುವುದು ಬೆಂಕಿಜೇಡಿ, ಉರಿಗೆ ಬಿರಿಯದ ಮಣ್ಣು. ಅದರ ಮುಂದೆ, ಬಾಗಿಲಿನ ಕಮಾನನ್ನೂ ಮೇಲಿನ ಭಾರವನ್ನೂ ಹೊತ್ತು ನಿಂತ ಮರಳುಗಲ್ಲಿನ ದಪ್ಪ ಗೋಡೆ ಸುಣ್ಣದ ಗಾರೆಯದು. ಚನ್ನಬಸವ್ವನವರ ಕೆಲಸ ಈ ಗೋಡೆಗೆ ಸೇರಿದ್ದು.

ಅವರು ಹುಟ್ಟಿದ್ದು ಬೈಲಹೊಂಗಲದ ಕಡೆಯ ಗೌಂಡಿಗಳ ಮನೆಯಲ್ಲಿ. ತಂದೆ ಮಡಿವಾಳಪ್ಪ ಬಾವಿ ಕಟ್ಟುವುದರಲ್ಲಿ ಹೆಸರಾದವರು. ಒಂಬತ್ತನೆಯ ವಯಸ್ಸಿಗೆ ಮಗಳ ಪಾಲಿಗೆ ಬಂದ ಉದ್ಯೋಗ, ಗಾರೆ ಅರೆಯುವ ಗಾಣದ ಎತ್ತಿನ ಹಿಂದೆ ಸುತ್ತುವುದು.

"ಸಾಲಿಗೆ ಹೋಗಿದ್ದು ನಾಕನೇತ್ತಾ ಮಟಾ ರೀ. ಉಳಿದದ್ದೆಲ್ಲಾ ಗಾಣದ ಸುತ್ತನ ಕಲ್ತೇನಿ. ಗಚ್ಚು ನುಣ್ಣಗ ಆತೋ ಇಲ್ಲೋ ನಮ್ಮಪ್ಪ ಕಣ್ಣಿಲೆ ನೋಡ್ತಿದ್ದಿಲ್ಲ, ಹಲ್ಲಿನ ನಡುವ ಇಟ್ಟು ಕರಕರ ಅಂತೈತೇನು ನೋಡ್ತಿದ್ದಾ. ನಾಲಗಿ ಸುಟ್ಟು ಸುಟ್ಟು ಅವಂಗ ಖಾರಾನ ಹತ್ತತಿದ್ದಿಲ್ಲ."

ಆಮೇಲೆ ಸಿಮೆಂಟು ಬಂದು ಗಾಣ ನಿಂತಿತು. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಚನ್ನಬಸವ್ವ ಹದಿನೆಂಟು ವರ್ಷ ಸಿಮೆಂಟಿನ ಬುಟ್ಟಿ ಹೊತ್ತರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಪತಿ ಶಾಂತವೀರಪ್ಪ ತೀರಿಕೊಂಡ ಮೇಲೂ ಹೊತ್ತರು. ಮಗಳು ಮಾಧುರಿ ಧಾರವಾಡದಲ್ಲಿ ಓದಿ, ಮದುವೆಯಾಗಿ, ಈಗ ನಾರ್ತ್ ಸಿಡ್ನಿಯ ಹಣಕಾಸು ಕಂಪನಿಯೊಂದರಲ್ಲಿದ್ದಾರೆ. ಮನೆ ಕೆಲ್ಲಿವಿಲ್‌ನಲ್ಲಿ. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದ ತಾಯಿ ಉಳಿದರು, ಕಾಯಂ ವಾಸಕ್ಕೆ ಪಿಆರ್ ಆಯಿತು, ಮೊಮ್ಮಗಳು ಶಾಲೆಗೆ ಸೇರಿದಳು. ಬೆಳಿಗ್ಗೆ ಎಂಟಕ್ಕೆ ಎರಡೂ ಕಾರು ಹೊರಟುಹೋದರೆ ಮನೆಯಲ್ಲಿ ಉಳಿಯುವುದು ಡಿಶ್‌ವಾಶರಿನ ಸದ್ದು.

"ಕೈ ಸುಮ್ಮನ ಕುಂದರೂದಿಲ್ರಿ. ಹಪ್ಪಳ ಮಾಡಿದೆ, ಶಾವಿಗಿ ಹೊಸದೆ. ಇನ್ನ ಯಾರ ತಿನ್ಬೇಕು ಅವನ್ನ?"

ಎರಡು ವರ್ಷದ ಹಿಂದೆ, ಪ್ಯಾರಾಮಟ್ಟದ ಕಡೆ ಹಳೆಯ ಗೋಡೆಯೊಂದರ ದುರಸ್ತಿಯನ್ನು ಬೇಲಿಯಾಚೆಯಿಂದ ಅವರು ಮೂರು ದಿನ ನೋಡಿದರು. ನಾಲ್ಕನೆಯ ದಿನ ಬೇಲಿ ದಾಟಿ ಒಳಹೋಗಿ, ಸುಣ್ಣ ಕಲಸುತ್ತಿದ್ದ ಹುಡುಗನ ಕೈಯಿಂದ ಸಲಿಕೆ ತೆಗೆದುಕೊಂಡರು. ನೀರು ಹೆಚ್ಚಾಗಿತ್ತು. ಆ ಕೆಲಸದ ಯಜಮಾನ ಡಾಮಿನಿಕ್, ಅಜ್ಜನ ಕಾಲದಲ್ಲಿ ಇಟಲಿಯಿಂದ ಬಂದ ಕಲ್ಲುಕುಟಿಗರ ವಂಶದವರು. ಅವರು ಬೈಯಲು ಬಾಯಿ ತೆರೆದವರು, ಸಲಿಕೆಯ ಮೇಲೆ ಗಾರೆ ನಿಂತ ಬಗೆಯನ್ನು ನೋಡಿ ಬಾಯಿ ಮುಚ್ಚಿಕೊಂಡರಂತೆ. ಚನ್ನಬಸವ್ವ ಅವರನ್ನು ದೊಮ್ಮಣ್ಣ ಎಂದು ಕರೆಯುತ್ತಾರೆ. ಅವರು ಇವರನ್ನು ಚನ್ನಾ ಎನ್ನುತ್ತಾರೆ. ಇಬ್ಬರ ನಡುವೆ ನಲವತ್ತು ಇಂಗ್ಲಿಷ್ ಶಬ್ದಗಳೂ ಆರು ಕನ್ನಡ ಶಬ್ದಗಳೂ ಚಲಾವಣೆಯಲ್ಲಿವೆ.

ಈಗ ಸೋಮವಾರ ಸಂಜೆಯಿಂದ ಶುಕ್ರವಾರದವರೆಗೆ ಚನ್ನಬಸವ್ವನವರ ವಾಸ ಭಟ್ಟಿಗಳ ಪಕ್ಕದ ಕ್ಯಾರವಾನಿನಲ್ಲಿ. ಐದಕ್ಕೆ ಏಳುತ್ತಾರೆ, ಲಿಂಗಪೂಜೆ ಮುಗಿಸಿ ಆರಕ್ಕೆ ಹೊರಬರುತ್ತಾರೆ. ದಿನಕ್ಕೆ ಜರಡಿ ಹಿಡಿಯುವ ಮರಳು ಹದಿನಾಲ್ಕು ಕೈಗಾಡಿ, ಅರಳಿಸುವ ಸುಣ್ಣ ಮೂರು ಚೀಲ, ಕಲಸುವ ಗಾರೆ ಮೂವತ್ತು ಬಕೆಟ್. ಗಾಣವಿಲ್ಲ. ಪೆಟ್ರೋಲಿನ ಕಲಸುಯಂತ್ರವಿದೆ, ಅದಕ್ಕೆ ಅವರು ಪ್ರತಿ ಸೋಮವಾರ ಕುಂಕುಮ ಹಚ್ಚುತ್ತಾರೆ.

ತಪ್ಪು ಎಲ್ಲಿ ನಡೆಯಿತು? ಬೆಲ್ಲದಲ್ಲಿ.

ನಮ್ಮ ಶಿಲ್ಪಶಾಸ್ತ್ರಗಳು ವಜ್ರಲೇಪವೆಂಬ ಲೇಪವನ್ನು ಹೇಳುತ್ತವೆ. ಕಾಯಿ, ಅಂಟು, ತೊಗಟೆಗಳ ರಸವನ್ನು ಕಾಯಿಸಿ ಬಳಸುವ ವಿಧಾನವದು. ಮಡಿವಾಳಪ್ಪನವರ ಮನೆತನದಲ್ಲಿ ಗ್ರಂಥವಿರಲಿಲ್ಲ, ಕೈಯ ರೂಢಿಯಿತ್ತು. ಒಂದು ಗಾಣದ ಗಾರೆಗೆ ಇಷ್ಟು ಬೆಲ್ಲದ ನೀರು, ಇಷ್ಟು ಅಳಲೆಕಾಯಿಯ ಕಷಾಯ. ಬೆಲ್ಲ ಬಿದ್ದ ಗಾರೆ ಬೇಗ ಒಣಗುವುದಿಲ್ಲ, ಬಿರುಬಿಸಿಲಿನಲ್ಲೂ ಬಿರಿಯುವುದಿಲ್ಲ. ಜನವರಿಯಲ್ಲಿ ಈ ಕಣಿವೆಯ ಬಿಸಿ ನಲವತ್ತೆರಡು ಡಿಗ್ರಿ ಮುಟ್ಟಿ, ಮೊದಲ ಭಟ್ಟಿಯ ಗಾರೆ ಹಚ್ಚಿದ ತಾಸಿನೊಳಗೆ ಪುಡಿಯಾಗಿ ಉದುರಿದಾಗ, ಚನ್ನಬಸವ್ವ ಕೆಲ್ಲಿವಿಲ್ ಸಮೀಪದ ಇಂಡಿಯನ್ ಅಂಗಡಿಯಿಂದ ಹತ್ತು ಕಿಲೋ ಬೆಲ್ಲ ತರಿಸಿದರು. ಡಾಮಿನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಟ್ಟಿಗೆ ಚಹಾ ಮಾಡುತ್ತೀಯಾ ಎಂದು ಕೇಳಿದರು. ಇರುವೆಗಳೂ ಬಂದವು. ಆದರೆ ಒಂದನೆಯ ಮತ್ತು ಎರಡನೆಯ ಭಟ್ಟಿಗಳ ಕಮಾನುಗಳು ಕೂದಲೆಳೆಯ ಬಿರುಕೂ ಇಲ್ಲದೆ ನಿಂತವು. ಯಜಮಾನರು ನಗುವುದನ್ನು ಬಿಟ್ಟು ಅಳತೆಯನ್ನು ಬರೆದುಕೊಂಡರು.

ಮೂರನೆಯ ಕಮಾನು ಏರಿದ್ದು ಏಪ್ರಿಲ್ ಇಪ್ಪತ್ತರ ಸುಮಾರಿಗೆ. ಆಗ ಕಣಿವೆ ಬೇರೆಯದೇ ಆಗಿತ್ತು. ಹಗಲು ಹನ್ನೆರಡು ಡಿಗ್ರಿ, ಮಧ್ಯಾಹ್ನದವರೆಗೂ ಮಂಜು. ಬೆಲ್ಲದ ಅಳತೆ ಮಾತ್ರ ಜನವರಿಯದೇ. ಯಾವ ಸಂಕಲ್ಪಕ್ಕೂ ಮೊದಲು ದೇಶವನ್ನೂ ಕಾಲವನ್ನೂ ಹೆಸರಿಸಿ ಹೇಳುವ ಪದ್ಧತಿ ನಮ್ಮದು. ಯಾವ ನೆಲ, ಯಾವ ಋತು ಎಂದು ತಿಳಿಯದೆ ನೀರು ಬಿಡಬಾರದು ಎಂಬುದು ಅದರ ತಾತ್ಪರ್ಯ. ವೈಶಾಖವೆಂದರೆ ಉರಿಬಿಸಿಲು ಎಂದು ಐವತ್ತು ವರ್ಷ ಕಲಿತ ಕೈ, ವೈಶಾಖದಲ್ಲೇ ಚಳಿ ಆರಂಭವಾಗುವ ನೆಲದಲ್ಲಿ ಹಳೆಯ ಅಳತೆಯನ್ನೇ ಸುರಿಯಿತು.

"ಯಾರೂ ಹೇಳಿದ್ದಿಲ್ಲಂತಲ್ಲ. ಮೈಗೆ ಸ್ವೆಟರ್ ಹಾಕ್ಕೊಂಡು ಬೆಲ್ಲಾ ಕರಗಿಸೇನಿ ನಾನು! ಮೈಗೆ ತಿಳದದ್ದು ಕೈಗೆ ತಿಳೀಲಿಲ್ಲ."

ಏಳು ಗಂಟೆಗೆ ಡಾಮಿನಿಕ್‌ರ ಗಾಡಿ ಇಳಿಜಾರಿನಲ್ಲಿ ಕಾಣಿಸುತ್ತದೆ. ಅವರು ಕಾಫಿಯ ಲೋಟ ಹಿಡಿದು ಇಳಿಯುವ ಮೊದಲೇ ಚನ್ನಬಸವ್ವ ಎದುರು ಹೋಗಿ ನಿಲ್ಲುತ್ತಾರೆ.

"ದೊಮ್ಮಣ್ಣ, ಆರ್ಚ್ ನೋ ಗುಡ್. ಇನ್‌ಸೈಡ್ ವೆಟ್. ಮೈ ಮಿಸ್ಟೇಕ್. ಬೆಲ್ಲ."

ಡಾಮಿನಿಕ್ ದಬ್ಬಣವನ್ನು ಇಸಿದುಕೊಂಡು ತಾವೇ ಚುಚ್ಚಿ ನೋಡುತ್ತಾರೆ. ಲೋಟವನ್ನು ಕಲ್ಲಿನ ಮೇಲಿಡುತ್ತಾರೆ. ಆಮೇಲೆ ಅವರ ಬಾಯಿಂದ ಬಂದ ಇಂಗ್ಲಿಷಿನಲ್ಲಿ ಅಚ್ಚಿಗೆ ಯೋಗ್ಯವಾದದ್ದು ಇಷ್ಟು: "ಎರಡು ದಿನ, ಚನ್ನಾ! ಎರಡು ದಿನ ಸುಮ್ಮನಿದ್ದಿದ್ದರೆ ಸಹಿ ಬೀಳುತ್ತಿತ್ತು. ಆಮೇಲೆ ಚೌಕಟ್ಟನ್ನು ಮತ್ತೆ ಸೇರಿಸಿ ಒಂದು ವರ್ಷ ಬೇಕಾದರೂ ಬಿಡಬಹುದಿತ್ತು."

"ವಾಟ್ ಇಫ್ ಫಾಲ್? ಯು ಅಂಡರ್, ಐ ಅಂಡರ್."

"ಹಾಗಾದರೆ ಸಂದುಗಳನ್ನು ಕೆರೆದು ಸಿಮೆಂಟು ತುಂಬೋಣ. ಒಂದು ರಾತ್ರಿಯಲ್ಲಿ ಕಲ್ಲಾಗುತ್ತದೆ."

ಚನ್ನಬಸವ್ವ ಬೇಡವೆಂದು ತಲೆಯಾಡಿಸುತ್ತಾರೆ. ಮರಳುಗಲ್ಲು ಮೆದು, ಉಸಿರಾಡುವ ಕಲ್ಲು. ಸಿಮೆಂಟು ಅದರ ಬೆವರನ್ನು ಕಟ್ಟಿಹಾಕಿ ಒಳಗಿನಿಂದ ಪುಡಿಮಾಡುತ್ತದೆಂದು ಡಾಮಿನಿಕ್ ಅವರಿಗೂ ಗೊತ್ತು. ಈ ವೃತ್ತಿಯಲ್ಲಿ ಅವರು ಮೂವತ್ತು ವರ್ಷದಿಂದ ಕೀಳುತ್ತ ಬಂದಿರುವುದೇ ಅಂಥ ಸಿಮೆಂಟನ್ನು. ಅವರು ಗಾಡಿಯ ಬಾಗಿಲನ್ನು ದಡ್ಡನೆ ಮುಚ್ಚಿ ಹೊಳೆಯ ಕಡೆ ನಡೆದುಬಿಡುತ್ತಾರೆ. ಸಂಜೆ ಹೊರಡುವಾಗ ಮಾತ್ರ ಅವರು ಹೇಳುತ್ತಾರೆ: "ಗುರುವಾರ ನೀನೇ ಹೇಳು. ನನ್ನ ಬಾಯಲ್ಲಿ ಬರುವುದಿಲ್ಲ."

ರಾತ್ರಿಯೂಟದ ಹೊತ್ತಿಗೆ ಮಗಳ ಫೋನು ಬರುತ್ತದೆ. ಸ್ಪೀಕರಿನಲ್ಲಿ ಮಾಧುರಿಯ ದನಿ ಕ್ಯಾರವಾನನ್ನೆಲ್ಲ ತುಂಬುತ್ತದೆ.

"ಅವ್ವಾ, ನೀ ಯಾಕ ಬ್ಲೇಮ್ ತಗೋತಿ? ನೀ ಕ್ಯಾಶುವಲ್ ವರ್ಕರ್. ಸೂಪರ್‌ವೈಸ್ ಮಾಡೋದು ಅವರ ರೆಸ್ಪಾನ್ಸಿಬಿಲಿಟಿ."

"ಬೆಲ್ಲಾ ಯಾರ ಹಾಕಿದ್ರು?"

"ನೀನು, ಬಟ್..."

"ಬಟ್ಟೂ ಇಲ್ಲ ಗಿಟ್ಟೂ ಇಲ್ಲ. ಉಂಡೀ ಇಲ್ಲೋ?"

ಗುರುವಾರ ಹತ್ತಕ್ಕೆ ಸುಘೋಷ್ ಬರುತ್ತಾರೆ. ಮೂವತ್ತೈದರ ಎಂಜಿನಿಯರ್. ಉಡುಪಿ ಕಡೆಯ ತುಳು ಮನೆಯವರು, ಮೆಲ್ಬರ್ನ್ ನಗರದ ಡಾಕ್‌ಲ್ಯಾಂಡ್ಸ್‌ನ ಕಚೇರಿಯೊಂದರಲ್ಲಿ ಹಳೆಯ ಕಟ್ಟಡಗಳ ಬಲ ಪರೀಕ್ಷಿಸುವುದು ಅವರ ಉದ್ಯೋಗ. ಹಿಂದಿನ ಎರಡು ಭೇಟಿಗಳಲ್ಲಿ ಚನ್ನಬಸವ್ವನವರ ಜೋಳದ ರೊಟ್ಟಿ ತಿಂದಿದ್ದಾರೆ. ಬಂದವರೇ ಸಣ್ಣ ಸುತ್ತಿಗೆಯಿಂದ ಕಮಾನನ್ನು ಎಡದಿಂದ ಬಲಕ್ಕೆ ತಟ್ಟುತ್ತಾರೆ. ಹತ್ತೊಂಬತ್ತು ಕಲ್ಲುಗಳೂ ಒಂದೇ ನಾದದಲ್ಲಿ ಉತ್ತರ ಕೊಡುತ್ತವೆ.

"ಲಾಯ್ಕುಂಟು ಆಂಟಿ. ಫ್ರೇಮ್ ತೆಗೀಲಿಕ್ಕೆ ಹೇಳುವನಾ?"

"ಬ್ಯಾಡ ತಮ್ಮಾ. ಅದು ನಿನಗ ಸುಳ್ಳ ಹೇಳಾಕತ್ತೇತಿ." ದಬ್ಬಣ ಅವರ ಕೈಗೆ ಹೋಗುತ್ತದೆ. "ಇಲ್ಲೆ ಚುಚ್ಚು. ತಿರುವಿ ಚುಚ್ಚು."

ಸುಘೋಷ್ ಚುಚ್ಚುತ್ತಾರೆ. ಪಕ್ಕದ ಸಂದಿಗೂ ಚುಚ್ಚುತ್ತಾರೆ. "ಇದೆಂತ ಮಾರಾಯ್ರೆ," ಎನ್ನುತ್ತಾರೆ ಕೊನೆಗೆ. "ಬೆಲ್ಲದ ಸಕ್ಕರೆ ಸೆಟ್ ಆಗುದನ್ನು ತಡೀತದೆ, ಚಳಿಗೆ ಇನ್ನೂ ಜಾಸ್ತಿ. ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಮೇಲೆ ಒಂಬತ್ತು ಟನ್ ಗೋಡೆ ಉಂಟು."

"ಅದಕ್ಕ ಹೇಳಿದ್ದು. ನೀ ಅದರ ಕೆಳಗ ಬಗ್ಗಿ ನೋಡಾಂವ ಇದ್ದಿ."

"ಇವತ್ತು ಸೈನ್ ಮಾಡ್ಲಿಕ್ಕೆ ಆಗುದಿಲ್ಲ ಆಂಟಿ. ಗುರ್ತದವರು ಅಂತ ಬಿಡ್ಲಿಕ್ಕೆ ಬರುದಿಲ್ಲ."

"ಬಿಡು ಅಂತ ಯಾರ ಅಂದ್ರು? ಕೆಡವತೇನಿ. ಎಷ್ಟ ದಿನಾ ಐತಿ?"

ತಿಂಗಳ ಕೊನೆಗೆ ಹದಿನೇಳು ದಿನ. ಸುಘೋಷ್ ಮತ್ತೆ ಬರಲು ಸಾಧ್ಯವಿರುವುದು ಇಪ್ಪತ್ತೊಂಬತ್ತರ ಶುಕ್ರವಾರ ಮಾತ್ರ. ಮೂವರೂ ಬಕೆಟ್ಟುಗಳ ಮೇಲೆ ಕುಳಿತು ಲೆಕ್ಕ ಹಾಕುತ್ತಾರೆ. ಮೇಲಿನ ಗೋಡೆಗೆ ಉಕ್ಕಿನ ಆಸರೆ ಕೊಟ್ಟು ಕಮಾನನ್ನು ಬಿಚ್ಚಲು ಎರಡು ದಿನ, ಮತ್ತೆ ಕಟ್ಟಲು ಮೂರು ದಿನ. ಉಳಿಯುವುದು ಹತ್ತು ದಿನ. ಈ ಚಳಿಯಲ್ಲಿ ಬರಿಯ ಸುಣ್ಣಕ್ಕೆ ಆರು ವಾರವೂ ಸಾಲದು. ಬೆಲ್ಲವನ್ನು ಬಿಟ್ಟು, ನುಣ್ಣಗೆ ಕುಟ್ಟಿದ ಇಟ್ಟಿಗೆಪುಡಿಯನ್ನು ಹೆಚ್ಚು ಬೆರೆಸಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ, ಆದರೆ ಅದಕ್ಕೂ ಬೆಚ್ಚಗಿನ ಹವೆ ಬೇಕು. ಹೀಟರ್ ಇಡೋಣವೆಂದರೆ ಕಣಿವೆಯಲ್ಲಿ ಕರೆಂಟಿಲ್ಲ.

ಚನ್ನಬಸವ್ವ ತಿರುಗಿ ಭಟ್ಟಿಯ ಕಪ್ಪು ಬಾಯಿಯನ್ನು ನೋಡುತ್ತಾರೆ. "ಒಲಿ ಮುಂದ ಕುಂತು ಚಳಿ ಚಳಿ ಅನ್ನಾಕತ್ತೇವಲ್ಲೋ ತಮ್ಮಾ," ಎನ್ನುತ್ತಾರೆ.

ಸುಘೋಷ್ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಮೂರು ದಿನದಲ್ಲಿ ಮೊದಲ ಬಾರಿಗೆ ಡಾಮಿನಿಕ್ ನಗುತ್ತಾರೆ.

ಕಾಡಿಗೆ ಬೆಂಕಿ ಬೀಳುವ ಋತು ಮುಗಿದಿತ್ತು, ಆದ್ದರಿಂದ ಭಟ್ಟಿಯೊಳಗೆ ಬೆಂಕಿ ಹಚ್ಚಲು ಒಪ್ಪಿಗೆ ಎರಡೇ ದಿನದಲ್ಲಿ ದೊರೆಯುತ್ತದೆ. ಚನ್ನಬಸವ್ವ ಹತ್ತೊಂಬತ್ತು ಕಲ್ಲುಗಳಿಗೂ ಸೀಮೆಸುಣ್ಣದಲ್ಲಿ ಅಂಕಿ ಬರೆದು ಕೆಳಗಿಳಿಸುತ್ತಾರೆ, ಹಸಿ ಗಾರೆಯನ್ನು ಒಂದೊಂದರಿಂದಲೂ ತಾವೇ ಕೆರೆಯುತ್ತಾರೆ. ಹಳೆಯ ಒಲೆಗುಂಡಿಗಳ ಬಳಿ ಚೆಲ್ಲಿದ್ದ ಇಟ್ಟಿಗೆ ಚೂರುಗಳನ್ನು ಮುಟ್ಟುವಂತಿಲ್ಲ, ಅವು ಸಂರಕ್ಷಿತ. ಹೊರಗಿನಿಂದ ತಂದ ಇಟ್ಟಿಗೆಯನ್ನು ಕುಟ್ಟಿ, ಮಾಧುರಿಯ ಮನೆಯ ಹಿಟ್ಟಿನ ಜರಡಿಯಲ್ಲಿ ಸೋಸಲಾಗುತ್ತದೆ. ಮಂಗಳವಾರ ಸಂಜೆ ಹತ್ತನೆಯ ಕಲ್ಲು, ಕಮಾನಿನ ನಡುನೆತ್ತಿಯ ಬೀಗಗಲ್ಲು, ತನ್ನ ಸ್ಥಾನದಲ್ಲಿ ಕೂರುತ್ತದೆ. ಬುಧವಾರ ಬೆಳಿಗ್ಗೆ ಗುಮ್ಮಟದೊಳಗೆ ಒಣ ಕೊಂಬೆಗಳ ಸಣ್ಣ ಬೆಂಕಿ ಹತ್ತುತ್ತದೆ. ಒಳಗೆ ಬೆಂಕಿ, ಹೊರಗೆ ಕಮಾನಿನ ಮೇಲೆ ನೆನೆಸಿದ ಗೋಣಿತಟ್ಟು. ಬೆಚ್ಚಗಿರಬೇಕು, ಒಣಗಬಾರದು. ಅಂಗೈಯನ್ನು ಗೋಣಿಯ ಕೆಳಗೆ ತೂರಿಸಿ ಶಾಖ ನೋಡುವುದು, ದಿನಕ್ಕೆ ಇಪ್ಪತ್ತನಾಲ್ಕು ಸಲ ನೀರು ಚಿಮುಕಿಸುವುದು, ಬೆಂಕಿ ಜೋರಾದರೆ ಕೊಂಬೆ ಹಿಂದೆಳೆಯುವುದು, ಇಷ್ಟೇ ಕೆಲಸ. ಎಂಟು ದಿನ ಇದೊಂದೇ ಕೆಲಸ.

ತೊಂಬತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕರ್ಲ್ಯೂ ಕ್ರೀಕಿನ ಭಟ್ಟಿಯ ನೆತ್ತಿಗಣ್ಣಿನಿಂದ ಹೊಗೆ ಏಳುತ್ತದೆ. ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದವರು ಯಾರೋ ಗಾಬರಿಯಿಂದ ಫೋನು ಮಾಡುತ್ತಾರೆ. ಅರ್ಧ ಗಂಟೆಯೊಳಗೆ ಸ್ವಯಂಸೇವಕರ ಕೆಂಪು ಲಾರಿ ಸೈರನ್ ಕೂಗುತ್ತ ಇಳಿಯುತ್ತದೆ. ಪೈಪು ಹಿಡಿದು ಓಡಿಬಂದ ಇಬ್ಬರಿಗೆ ಚನ್ನಬಸವ್ವ ಒಪ್ಪಿಗೆಯ ಕಾಗದವನ್ನೂ ಚಹಾವನ್ನೂ ಒಟ್ಟಿಗೆ ಕೊಡುತ್ತಾರೆ. ಅವರಲ್ಲಿ ಹಿರಿಯರು ಭಟ್ಟಿಯ ಮುಂದೆ ಹೆಲ್ಮೆಟ್ ತೆಗೆದು ಬಹಳ ಹೊತ್ತು ನಿಲ್ಲುತ್ತಾರೆ. ಅವರ ಅಜ್ಜಿ ಹುಟ್ಟಿದ್ದು ಇಲ್ಲಿಯ ಮೂರನೆಯ ಸಾಲಿನ ಮನೆಯಲ್ಲಂತೆ. ಹೊಗೆಯಿಲ್ಲದ ಆಕಾಶವನ್ನು ಆಕೆ ಕಾಣುತ್ತಿದ್ದದ್ದು ಭಾನುವಾರಗಳಲ್ಲಿ ಮಾತ್ರವಂತೆ.

ವಾರಾಂತ್ಯದಲ್ಲೂ ಬೆಂಕಿಯನ್ನು ಬಿಟ್ಟು ಹೋಗುವಂತಿಲ್ಲ. ಅಜ್ಜಿ ಮನೆಗೆ ಬಾರದಿದ್ದರೆ ಮನೆಯೇ ಇಲ್ಲಿಗೆ ಬರುತ್ತದೆ. ಶನಿವಾರ ಮಧ್ಯಾಹ್ನ ಕಾರಿನಿಂದಿಳಿದ ಏಳು ವರ್ಷದ ಮೊಮ್ಮಗಳು ಗುಮ್ಮಟದ ಬಾಯಿಗೆ ಇಣುಕುತ್ತಾಳೆ.

"ಅಜ್ಜಿ, ಇಸ್ ದಿಸ್ ಎ ಪಿಜ್ಜಾ ಅವನ್?"

"ಹೌದವಾ. ಊರಿಗೆ ಊರೇ ಉಂಡ ಒಲಿ ಇದು."

"ಕ್ಯಾನ್ ವೀ ಮೇಕ್ ಒನ್?"

"ನಿಮ್ಮವ್ವನ್ನ ಕೇಳು, ಹಿಟ್ಟ ತಂದಾಳೇನು ಅಂತ. ಜರಡಿ ಅಂತೂ ನನ್ನ ಕಡೆ ಐತಿ."

"ಆ ಜರಡಿ ಇನ್ನ ನನಗ ಬ್ಯಾಡ ಅವ್ವಾ," ಎನ್ನುತ್ತಾರೆ ಮಾಧುರಿ. ಹಾಗೆನ್ನುತ್ತಲೇ ತಾಯಿಯ ಕೈಯಿಂದ ನೀರಿನ ಡಬ್ಬಿ ತೆಗೆದುಕೊಂಡು ಗೋಣಿಗೆ ಚಿಮುಕಿಸತೊಡಗುತ್ತಾರೆ. ನೀರು ಹೆಚ್ಚಾಯಿತೆಂದು ಬೈಸಿಕೊಳ್ಳುತ್ತಾರೆ.

ಇಪ್ಪತ್ತೊಂಬತ್ತರ ಶುಕ್ರವಾರ. ಹಿಂದಿನ ದಿನ ಬೆಂಕಿಯನ್ನು ತಣಿಸಲಾಗಿದೆ, ಗೋಣಿ ತೆಗೆಯಲಾಗಿದೆ. ಸುಘೋಷ್ ಈ ಸಲ ಸುತ್ತಿಗೆ ಹಿಡಿಯುವುದಿಲ್ಲ, ಮೊದಲು ದಬ್ಬಣವನ್ನೇ ಕೇಳುತ್ತಾರೆ. ಹತ್ತೊಂಬತ್ತು ಕಲ್ಲಿಗೆ ಇಪ್ಪತ್ತು ಸಂದು. ಹದಿನೆಂಟರಲ್ಲಿ ಮೊನೆ ಇಳಿಯುವುದಿಲ್ಲ. ಎಡಬದಿಯ ಬುಡದ ಎರಡರಲ್ಲಿ ಅರ್ಧ ಬೆರಳು ಇಳಿದು ನಿಲ್ಲುತ್ತದೆ. ಬೆಂಕಿಯ ಶಾಖ ಅಲ್ಲಿಗೆ ಕಡಿಮೆ ಮುಟ್ಟಿದೆ. ಅವರು ಫೋನಿನಲ್ಲಿ ಲೆಕ್ಕ ಮಾಡುತ್ತಾರೆ, ಮತ್ತೊಮ್ಮೆ ಮಾಡುತ್ತಾರೆ.

"ಅಲ್ಲಿ ಲೋಡ್ ನೇರ ಕೆಳಗೆ ಹೋಗ್ತದೆ. ತಡೀತದೆ ಅಂತ ನನ್ನ ಲೆಕ್ಕ. ನಿಮ್ಮದು ಎಂತ ಆಂಟಿ?"

"ತಡೀತೈತಿ. ಆದ್ರ ಯಾರೂ ಕೆಳಗ ನಿಂದರಬ್ಯಾಡ್ರಿ."

ಡಾಮಿನಿಕ್ ಮರದ ಕೊಡತಿಯನ್ನು ಚನ್ನಬಸವ್ವನವರ ಕೈಗಿಡುತ್ತಾರೆ. ಚೌಕಟ್ಟು ನಿಂತಿರುವುದು ನಾಲ್ಕು ಜೋಡಿ ಬೆಣೆಗಳ ಮೇಲೆ. ಒಂದೊಂದನ್ನೂ ಒಂದೊಂದು ಪೆಟ್ಟಿನಷ್ಟೇ ಸಡಿಲಿಸುತ್ತ ಅವರು ಸುತ್ತು ಬರುತ್ತಾರೆ. ಮೂರನೆಯ ಸುತ್ತಿನಲ್ಲಿ ಚೌಕಟ್ಟು ಎರಡು ಬೆರಳು ಕೆಳಗಿಳಿಯುತ್ತದೆ. ಕಲ್ಲಿಗೂ ಮರಕ್ಕೂ ನಡುವೆ ಬೆಳಕಿನ ಗೆರೆಯೊಂದು ಮೂಡುತ್ತದೆ. ಗೋಡೆಯ ಒಳಗಿನಿಂದ, ಹಿರಿಯರು ಹಾಸಿಗೆಯಲ್ಲಿ ಮಗ್ಗುಲಾದಂತೆ, ಒಂದು ಸಣ್ಣ ಸದ್ದು. ಒಂದಿಷ್ಟು ಮರಳು ಉದುರುತ್ತದೆ. ಆಮೇಲೆ ಏನೂ ಇಲ್ಲ. ಒಂದು ತಾಸು ಕಾಯುತ್ತಾರೆ. ಕಮಾನು ನಿಂತಿದೆ.

ಸುಘೋಷ್ ಅಲ್ಲಿಯೇ, ಗಾಡಿಯ ಬಾನೆಟ್ಟಿನ ಮೇಲೆ ಸಹಿ ಹಾಕಿ ಕೌನ್ಸಿಲ್‌ಗೆ ಕಳುಹಿಸುತ್ತಾರೆ. ಕೆಡವುವ ಆದೇಶ ರದ್ದಾಗುತ್ತದೆ. ಉಳಿದ ಐದು ಭಟ್ಟಿಗಳ ದುರಸ್ತಿಯ ನಿರ್ಧಾರ ಮುಂದಿನ ವರ್ಷಕ್ಕೆ. ಬೇಲಿ ಇರುತ್ತದೆ, ಯಂತ್ರ ಬರುವುದಿಲ್ಲ.

ಕೊನೆಯದಾಗಿ ಒಂದು ದಾಖಲೆ ತುಂಬಬೇಕು. ಯಾವ ಕಮಾನಿಗೆ ಯಾವ ಗಾರೆ, ಯಾವ ಅಳತೆ, ಕಲಸಿದವರು ಯಾರು ಎಂಬ ವಿವರ, ಮುಂದೆ ದುರಸ್ತಿಗೆ ಬರುವವರ ಸಲುವಾಗಿ. ಮೂರನೆಯ ಭಟ್ಟಿಯ ಎದುರಿಗೆ ಸುಘೋಷ್ ಸುಣ್ಣ, ಮರಳು, ಇಟ್ಟಿಗೆಪುಡಿ ಎಂದು ಬರೆದು ಓದಿ ಹೇಳುತ್ತಾರೆ.

"ಮದಲಿಂದೂ ಬರಿ."

"ಯಾವುದು? ತೆಗೆದು ಬಿಸಾಡಿದ್ದಾ? ಅದು ಈಗ ಗೋಡೆಯಲ್ಲೇ ಇಲ್ಲ ಅಲ್ಲ ಆಂಟಿ."

"ಒಂದನೇದಕ್ಕ, ಎರಡನೇದಕ್ಕ ಬೆಲ್ಲ ಅಂತ ಬರದಿಯಲ್ಲ? ನೂರು ವರ್ಷದ ಮ್ಯಾಲೆ ಯಾರೋ ಒಬ್ಬಾಂವ ಬರ್ತಾನ. ಓಹೋ ಬೆಲ್ಲ ಚೊಲೋ ಅಂತ ಓದಿ ಇದ ಚಳಿಯೊಳಗ ಸುರೀತಾನ. ಮೂರನೇದಕ್ಕ ಏಪ್ರಿಲ್‌ದಾಗ ಬೆಲ್ಲಾ ಹಾಕಿದ್ದು, ಹಸೀನ ಉಳೀತು, ಕೆಡವಿ ಕಟ್ಟಿದ್ದು, ಅಷ್ಟೂ ಬರಿ."

"ಬರೆದ್ರೆ ಪರ್ಮನೆಂಟ್ ರೆಕಾರ್ಡ್ ಆಗ್ತದೆ. ನಿಮ್ಮ ಹೆಸರಲ್ಲೇ ತಪ್ಪು ಅಂತ."

"ನನ್ನ ಹೆಸರ ಮುಂದನ ಬರಿ. ಎಲ್ಲೆರ ನನ್ನ ಹೆಸರು ಬರೀಬೇಕು ಅಂತ ಆಸೆ ಇದ್ದದ್ದು ಖರೆ. ಇದರ ಮುಂದ ಬಂದ್ರ ಯಾರಿಗೆರ ಉಪಯೋಗಾದೀತು. ಪೂರಾ ಬರಿ: ಚನ್ನಬಸವ್ವ ಮಡಿವಾಳಪ್ಪ."

ಸುಘೋಷ್ ಇಂಗ್ಲಿಷಿನಲ್ಲಿ ಬರೆದು, ಹೆಸರನ್ನು ಕನ್ನಡದಲ್ಲೂ ಬರೆಯುತ್ತಾರೆ. ಒತ್ತಕ್ಷರ ಸರಿಯಾಗಿದೆಯೇ ಎಂದು ಚನ್ನಬಸವ್ವ ಬಗ್ಗಿ ನೋಡಿ, ಕೈ ತೊಳೆಯಲು ಹೊಳೆಯ ಕಡೆ ಇಳಿಯುತ್ತಾರೆ.

ಈ ವೃತ್ತಾಂತವನ್ನು ಓದಿದವರಿಗೂ, ಓದುವವರ ಪಕ್ಕದಲ್ಲಿ ಕುಳಿತು ಕೇಳಿದವರಿಗೂ ಒಳಿತಾಗಲಿ. ಅವರ ಬಾಗಿಲ ಮೇಲಿನ ಭಾರವನ್ನು ಹೊರುವ ಕಲ್ಲು ಅಲುಗದಿರಲಿ. ಅವರ ಒಲೆ ಯಾವ ಋತುವಿನಲ್ಲೂ ತಣ್ಣಗಾಗದಿರಲಿ. ತಪ್ಪು ನಡೆದರೆ ಅದು ಅನ್ಯರ ತಲೆಯ ಮೇಲೆ ಬೀಳುವ ಮೊದಲೇ ಕೈಗೆ ತಿಳಿಯಲಿ, ತಿಳಿದದ್ದನ್ನು ಹೇಳುವ ಧೈರ್ಯ ನಾಲಗೆಗೆ ಬರಲಿ. ಬಂದ ನೆಲವೂ ನಿಂತ ನೆಲವೂ ಅವರನ್ನು ತಮ್ಮವರೆನ್ನಲಿ. ಸರ್ವರಿಗೂ ಶಾಂತಿಯಾಗಲಿ.